ಬರೆಯುವ ಮೊದಲೇ ತಲುಪಿದ ಅರ್ಜಿ

ಮೆಕ್ನೆಸ್ ಪಟ್ಟಣದ ಹಳೇ ಪೇಟೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದರು. ಆದರೆ ಒಂದೇ ಕಂಪ್ಯೂಟರಿನೊಳಗೆ ಎರಡು ಸಂಸಾರ ಹೂಡಿಸಿದ ಕೀರ್ತಿ ಅರ್ಜಿ ಬರೆಯುವ ಬುಶ್ತಾ ಅವರೊಬ್ಬರಿಗೇ, ಪೇಟೆಯವರು ಗೌರವದಿಂದ ಕರೆಯುವ ಹಾಗೆ ಹೇಳಿದರೆ ಸಿ ಬುಶ್ತಾ ಅವರೊಬ್ಬರಿಗೇ, ಸಲ್ಲಬೇಕು. ಆ ಕೀರ್ತಿ ಅವರನ್ನು ಎಲ್ಲಿಯವರೆಗೆ ಎಳೆದುಕೊಂಡು ಹೋಯಿತು ಎಂಬುದನ್ನು ಪೇಟೆಯವರು ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಾರೆ. ಅವರಲ್ಲಿ ಮುಕ್ಕಾಲು ಪಾಲು ಜನ ಆವತ್ತು ಅಲ್ಲಿರಲೇ ಇಲ್ಲ. ನಡೆದದ್ದು ಹೀಗೆ.

ಸಿ ಬುಶ್ತಾ ಇಪ್ಪತ್ತೆರಡು ವರ್ಷಗಳಿಂದ ಸರ್ಕಾರಿ ಕಚೇರಿಯ ಕಮಾನಿನ ಕೆಳಗೆ ಮೇಜು ಹಾಕಿಕೊಂಡು ಕೂತವರು. ಜನನ ಪತ್ರಕ್ಕೆ, ವಾಸದ ದೃಢೀಕರಣಕ್ಕೆ, ನೀರಿನ ಕೊಳಾಯಿಗೆ, ಪಕ್ಕದ ಮನೆಯ ಹುಂಜದ ಮೇಲಿನ ದೂರಿಗೆ, ಹೀಗೆ ಯಾವುದಕ್ಕೆ ಕಾಗದ ಬೇಕೋ ಅದನ್ನು ಬರೆದುಕೊಡುವುದು ಅವರ ಕಸುಬು. ಅವರಿಂದ ಹತ್ತು ಹೆಜ್ಜೆ ಆಚೆ ಸಿ ಮುಫದ್ದಲ್ ಕೂರುತ್ತಿದ್ದರು. ಅವರದ್ದು ಟೈಪ್‌ರೈಟರ್. ಸಿ ಬುಶ್ತಾ ಸಾಲ ಸೋಲ ಮಾಡಿ ಲ್ಯಾಪ್‌ಟಾಪು, ಪ್ರಿಂಟರು ತಂದು, ಪಕ್ಕದ ಕ್ಷೌರದಂಗಡಿಯ ಹಮ್ಮಾದಿಯಿಂದ ಕರೆಂಟಿನ ವೈರು ಎಳೆಸಿಕೊಂಡ ದಿನ, ಸಿ ಮುಫದ್ದಲ್ ಇನ್ನೇನು ಮನೆಗೆ ಹೋದರು ಎಂದೇ ಎಲ್ಲರೂ ತಿಳಿದರು. ಆದದ್ದು ಉಲ್ಟಾ. ಗಿರಾಕಿಗಳು ಒಬ್ಬೊಬ್ಬರಾಗಿ ಟೈಪ್‌ರೈಟರಿನ ಕಡೆಗೇ ಸರಿದರು.

"ಅದು ಟಕಟಕ ಅಂತ ಬಡ್ಕೊಳ್ಳುತ್ತೆ, ಕೆಲ್ಸ ನಡೀತಿದೆ ಅಂತ ಗೊತ್ತಾಗುತ್ತೆ" ಎಂದು ಒಬ್ಬ ಮುದುಕಿ ಮುಖಕ್ಕೇ ಹೇಳಿದಳು. "ನಿಮ್ಮ ಪೆಟ್ಟಿಗೆ ಉಸಿರೇ ಬಿಡಲ್ವಲ್ಲ ಸಿ ಬುಶ್ತಾ. ಒಳಗೆ ಯಾರಾದ್ರೂ ಇದಾರೋ ಇಲ್ವೋ ಯಾರಿಗೆ ಗೊತ್ತು?"

ಈ ಮಾತು ಸಿ ಬುಶ್ತಾ ಎದೆಗೆ ನಾಟಿತು. ಅವರು ಅದನ್ನು ಮನೆಗೆ ತಂದು, ಹೆಂಡತಿಯ ತಮ್ಮ ಮಿಲೂದನ ಮುಂದೆ ಇಟ್ಟರು. ಮಿಲೂದ್ ಮನೆ ಮನೆಯ ಮಾಳಿಗೆ ಹತ್ತಿ ಟಿವಿಯ ಡಿಶ್ ತಿರುಗಿಸುವವನು. ಆಕಾಶದ ಕಡೆಗೆ ಮುಖ ಮಾಡಿರುವ ಎಲ್ಲಾ ಯಂತ್ರಗಳೂ ತನಗೆ ಗೊತ್ತು, ನೆಲದ ಮೇಲಿರುವುದು ಏನು ಮಹಾ ಎಂಬುದು ಅವನ ನಂಬಿಕೆ.

"ಭಾವ, ವಿಂಡೋಸ್ ಯಾರ ಹತ್ರ ಇಲ್ಲ ಹೇಳಿ? ಕ್ಷೌರದ ಹಮ್ಮಾದಿ ಹತ್ರಾನೂ ಇದೆ. ನೀವು ಲಿನಕ್ಸ್ ಹಾಕಿಸ್ಕೊಳ್ಳಿ. ವಿಜ್ಞಾನಿಗಳು ಇಟ್ಕೊಳ್ಳೋದು ಅದನ್ನೇ."

"ಹಾಗಾದ್ರೆ ಇರೋದನ್ನ ತೆಗೆದು ಬಿಸಾಕು."

"ಅಯ್ಯೋ, ನಿಮ್ಮ ಫಾರಮ್ಮುಗಳೆಲ್ಲ ಅದರೊಳಗೇ ಇದಾವಲ್ಲ. ಎರಡೂ ಇರ್ಲಿ. ನಡುವೆ ಒಂದು ಗೋಡೆ ಎತ್ತಿಬಿಡ್ತೀನಿ. ಈ ಕಡೆ ಅವರು, ಆ ಕಡೆ ಇವರು. ಬೆಳಿಗ್ಗೆ ಪೆಟ್ಟಿಗೆ ತೆಗೆದಾಗ ನಿಮ್ಮನ್ನೇ ಕೇಳುತ್ತೆ, ಇವತ್ತು ಯಾರು ಅಂತ."

ಅಲ್ಲೇ ಹಿಟ್ಟು ನಾದುತ್ತಿದ್ದ ಹೆಂಡತಿ ಲಲ್ಲಾ ತಾಮೊ ತಲೆ ಎತ್ತಲಿಲ್ಲ. "ಒಂದು ಮನೇಲಿ ಇಬ್ಬರು ಅಂದ್ಮೇಲೆ ಗೋಡೆ ಸಾಲಲ್ಲ ಕಣೋ ಮಿಲೂದ್" ಎಂದಳು. ಆಕೆ ಹದಿನೆಂಟು ವರ್ಷದಿಂದ ಅತ್ತೆಯ ಜೊತೆ ಒಂದೇ ಅಡುಗೆಮನೆಯಲ್ಲಿ ಇದ್ದವಳು. ಆದರೆ ಕಂಪ್ಯೂಟರಿನ ವಿಷಯದಲ್ಲಿ ಆಕೆಯ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಗೋಡೆ ಎತ್ತುವುದಕ್ಕೆ ಒಂದು ಮಧ್ಯಾಹ್ನವೂ ಮೂರು ಕೆಟಲ್ ಪುದೀನ ಚಹಾವೂ ಹಿಡಿದವು. ಕೊನೆಗೆ ಮಿಲೂದ್ ಗುಂಡಿ ಒತ್ತಿದ. ಕಪ್ಪು ಪರದೆಯ ಮೇಲೆ ಲಿನಕ್ಸ್ ಬಂತು. ಅದರ ಕೆಳಗೆ ಮತ್ತೊಂದು ಹೆಸರು ಬರಬೇಕಾದ ಕಡೆ ಏನೂ ಇರಲಿಲ್ಲ. ಸಿ ಬುಶ್ತಾ ನೆಲದ ಮೇಲೆ ಕೂತು ತಲೆಗೆ ಕೈ ಹಚ್ಚಿದರು.

"ನನ್ನ ಫಾರಮ್ಮುಗಳು ಹೋದ್ವು. ಇಪ್ಪತ್ತೆರಡು ವರ್ಷ ಹೋಯ್ತು. ತಾಮೊ, ನಿನ್ನ ತಮ್ಮ ನನ್ನ ಮನೆ ಹಾಳುಮಾಡಿದ."

"ಎಲ್ಲೂ ಹೋಗಿಲ್ಲ ಭಾವ. ವಿಂಡೋಸ್ ತನ್ನ ಜಾಗದಲ್ಲೇ ಇದೆ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದೆ, ಅಷ್ಟೇ."

ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗುವುದು ಎಂದರೇನು ಎಂಬುದು ಸಿ ಬುಶ್ತಾಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಗಿರಾಕಿಗಳಲ್ಲಿ ಅರ್ಧ ಜನ ಅಂಥವರೇ. ಮಿಲೂದ್ ಒಂದು ಸಾಲು ಒತ್ತಿ, ಯಾರ್ಯಾರು ಒಳಗಿದ್ದೀರಿ ಎಂದು ಯಂತ್ರಕ್ಕೆ ಮತ್ತೊಮ್ಮೆ ಹುಡುಕಲು ಹೇಳಿದ. ವಿಂಡೋಸ್ ಹೆಸರು ಪಟ್ಟಿಗೆ ಬಂದು ಕೂತಿತು. ಕಚೇರಿಯಲ್ಲಾದರೆ ಮೂರು ತಿಂಗಳು ಹಿಡಿಯುವ ಕೆಲಸ ಎಂದು ಸಿ ಬುಶ್ತಾ ಕಣ್ಣೊರೆಸಿಕೊಂಡರು.

ಮರುದಿನ ಕಮಾನಿನ ಕೆಳಗೆ ಹೊಸ ಬೋರ್ಡು ಬಿತ್ತು: 'ಇಲ್ಲಿ ಎರಡು ವ್ಯವಸ್ಥೆಗಳ ಕಂಪ್ಯೂಟರಿನಲ್ಲಿ ಅರ್ಜಿ ಬರೆಯಲಾಗುವುದು.' ಗಿರಾಕಿ ಬಂದು ಕೂತ ಮೇಲೆ ಸಿ ಬುಶ್ತಾ ಪೆಟ್ಟಿಗೆಯನ್ನು ಅವರ ಕಡೆಗೆ ತಿರುಗಿಸಿ, ಕಪ್ಪು ಪರದೆ ತೋರಿಸಿ, "ಯಾವುದರಲ್ಲಿ ಬರೀಲಿ?" ಎಂದು ಕೇಳುವರು. ಹತ್ತು ಸೆಕೆಂಡಿನಲ್ಲಿ ಹೇಳದಿದ್ದರೆ ಅದೇ ತೀರ್ಮಾನ ಮಾಡಿಬಿಡುತ್ತಿತ್ತು. ಅಂಕಿಗಳು ಇಳಿಯುವುದನ್ನು ನೋಡಿ ಗಿರಾಕಿಗಳು ಗಾಬರಿಯಾಗಿ, "ಸಾಹೇಬರಿಗೆ ಯಾವುದು ಇಷ್ಟವೋ ಅದರಲ್ಲೇ ಬರೀರಿ" ಎಂದು ಬೇಡಿಕೊಳ್ಳುತ್ತಿದ್ದರು. ಕೆಲವೇ ದಿನಗಳಲ್ಲಿ ಒಂದು ಪದ್ಧತಿಯೂ ಬೆಳೆಯಿತು. ಬೇಡಿಕೆಗಳು ವಿಂಡೋಸಿನಲ್ಲಿ, ದೂರುಗಳು ಲಿನಕ್ಸಿನಲ್ಲಿ. ಲಿನಕ್ಸಿನಲ್ಲಿ ಬರೆದ ದೂರಿಗೆ ಒಂದು ಖಾರ ಇರುತ್ತದೆ ಎಂದು ಕ್ಷೌರದ ಹಮ್ಮಾದಿ ಗಿರಾಕಿಗಳ ಕೆನ್ನೆಗೆ ನೊರೆ ಹಚ್ಚುತ್ತಾ ಪ್ರಚಾರ ಮಾಡಿದ. ಇಷ್ಟಕ್ಕೇ ನಿಲ್ಲದೆ ಸಿ ಬುಶ್ತಾ, ಟೈಪ್‌ರೈಟರಿಗೆ ಎಂದೂ ಆಗದ ಒಂದು ಕೆಲಸ ಮಾಡಿದರು. ಪ್ರತಿ ಅರ್ಜಿಯ ಬುಡದಲ್ಲಿ ಅದನ್ನು ಬರೆದ ತಾರೀಕು, ಗಂಟೆ, ನಿಮಿಷ ಯಂತ್ರವೇ ತಾನಾಗಿ ಅಚ್ಚು ಹಾಕುವಂತೆ ಏರ್ಪಾಡು ಮಾಡಿದರು. ಹಾಳಾದದ್ದು ಅಲ್ಲಿಂದಲೇ.

ಒಂದು ದಿನ ಆಲಿವ್ ಮಾರುವ ಹಾಜ್ ಜಲೂಲ್ ತನ್ನ ಅರ್ಜಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಕೈಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ಕಾಗದದ ಬುಡದಲ್ಲಿ ಹತ್ತು ಇಪ್ಪತ್ತು.

ಬೇರೆ ಯಾವ ದೇಶದಲ್ಲಾದರೂ ಇದನ್ನು ಕೆಟ್ಟ ಗಡಿಯಾರ ಎನ್ನುತ್ತಿದ್ದರು. ಆದರೆ ಈ ದೇಶದಲ್ಲಿ ಸರ್ಕಾರ ಕೆಲವು ವರ್ಷಗಳ ಹಿಂದೆ ಎಲ್ಲರ ಗಡಿಯಾರವನ್ನೂ ಒಂದು ಗಂಟೆ ಮುಂದೆ ನೂಕಿ ಅಲ್ಲೇ ಬಿಟ್ಟಿತ್ತು. ರಂಜಾನ್ ತಿಂಗಳಲ್ಲಿ ಮಾತ್ರ ಆ ಗಂಟೆಯನ್ನು ಹಿಂದಕ್ಕೆ ಕೊಟ್ಟು, ಹಬ್ಬ ಮುಗಿದ ಮೇಲೆ ಮತ್ತೆ ಕಸಿದುಕೊಳ್ಳುತ್ತಿತ್ತು. ಪೇಟೆಯ ಅರ್ಧ ಜನ ಇದನ್ನು ಇನ್ನೂ ಒಪ್ಪಿರಲಿಲ್ಲ. ನಾಲ್ಕಕ್ಕೆ ಬನ್ನಿ ಎಂದರೆ, ಹಳೇ ಗಂಟೆಯೋ ಹೊಸ ಗಂಟೆಯೋ ಎಂದು ಕೇಳಿಕೊಂಡೇ ಹೊರಡಬೇಕಿತ್ತು.

ಹಾಜ್ ಜಲೂಲ್ ಕಾಗದವನ್ನು ಎದೆಗೊತ್ತಿಕೊಂಡ. "ಹಳೇ ಗಂಟೆ ಹಾಕಿದೀರಿ! ಈ ಊರಲ್ಲಿ ಇನ್ನೂ ಮರ್ಯಾದಸ್ಥರು ಇದಾರೆ ಅಂತ ಆಯ್ತು."

ಸಿ ಬುಶ್ತಾ ಸುಮ್ಮನೆ ತಲೆ ತಗ್ಗಿಸಿ ಹೊಗಳಿಕೆ ಸ್ವೀಕರಿಸಿದರು. ಆಮೇಲೆ ಲಿನಕ್ಸ್ ತೆರೆದು ನೋಡಿದರೆ ಅಲ್ಲಿ ಹೊಸ ಗಂಟೆ ಸರಿಯಾಗಿ ಇತ್ತು.

"ಇದು ತಪ್ಪಲ್ಲ ಭಾವ" ಎಂದ ಮಿಲೂದ್. "ವಿಂಡೋಸ್ ನಿಮ್ಮ ಹತ್ರ ಹಳಬ. ಹಳಬರು ಹಳೇ ಗಂಟೇನೇ ಹಿಡ್ಕೋತಾರೆ. ಲಿನಕ್ಸ್ ಮೊನ್ನೆ ಬಂದದ್ದು."

ವಿವರಣೆ ಎಷ್ಟು ಸಮಂಜಸವಾಗಿತ್ತೆಂದರೆ ಅದನ್ನು ಕೇಳಿದ ಯಾರೂ ಎರಡನೇ ಪ್ರಶ್ನೆ ಹಾಕಲಿಲ್ಲ. ಬೋರ್ಡಿಗೆ ಇನ್ನೊಂದು ಸಾಲು ಸೇರಿತು: 'ಹಳೇ ಗಂಟೆ, ಹೊಸ ಗಂಟೆ ಎರಡೂ ದೊರೆಯುತ್ತವೆ.' ಹಳೇ ಗಂಟೆಯವರು ವಿಂಡೋಸಿಗೆ, ಹೊಸ ಗಂಟೆಯವರು ಲಿನಕ್ಸಿಗೆ ಸಾಲು ನಿಂತರು. ಸಿ ಮುಫದ್ದಲ್ ಟೈಪ್‌ರೈಟರಿನ ಮೇಲೆ ಬಟ್ಟೆ ಹೊದಿಸಿ, ಚಹಾ ತರಿಸಿಕೊಂಡು, ನೋಡುತ್ತಾ ಕೂತರು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಶಾಲೆಯ ಮೇಷ್ಟರೊಬ್ಬರು, "ಸರ್ಕಾರಿ ಕಚೇರಿಗೆ ಹಳೇ ಗಂಟೆ ಹಾಕಿ ಕೊಡೋದು ಸರ್ಕಾರಕ್ಕೆ ಎದುರು ಹೇಳಿದ ಹಾಗೆ ಆಗಲ್ವೇ ಸಿ ಬುಶ್ತಾ?" ಎಂದು ತಣ್ಣಗೆ ಕೇಳಿ ಹೋದರು. ಸಿ ಬುಶ್ತಾ ಆ ಮಧ್ಯಾಹ್ನ ಊಟ ಮಾಡಲಿಲ್ಲ. ವಿಂಡೋಸ್ ತೆರೆದು ಗಡಿಯಾರವನ್ನು ಕೈಯಾರೆ ಒಂದು ಗಂಟೆ ಮುಂದಿಟ್ಟರು. ನೆಮ್ಮದಿಯಿಂದ ಲಿನಕ್ಸಿಗೆ ಹೋದರೆ ಅದು ತಾನೂ ಒಂದು ಗಂಟೆ ಮುಂದೆ ಓಡಿ ನಿಂತಿತ್ತು. ಹೊರಗೆ ಮೂರು ಗಂಟೆ, ಅದರಲ್ಲಿ ನಾಲ್ಕು.

"ಇದು ಹಳೇದೂ ಅಲ್ಲ, ಹೊಸದೂ ಅಲ್ಲ" ಎಂದು ಹಾಜ್ ಜಲೂಲ್ ಪರದೆಯೊಳಗೆ ಇಣುಕಿದ. "ಮುಂದಿನ ಸರ್ಕಾರದ ಗಂಟೆ ಇರಬೇಕು."

ಲಿನಕ್ಸನ್ನು ಹಿಂದಕ್ಕೆ ಎಳೆದರು. ವಿಂಡೋಸ್ ಮತ್ತೆ ಹಳೇ ಗಂಟೆಗೆ ಹೋಗಿ ಕೂತಿತು. ಅದನ್ನು ಸರಿಮಾಡಿದರು, ಇದು ಕೆಟ್ಟಿತು. ಇದನ್ನು ಸರಿಮಾಡಿದರು, ಅದು ಕೆಟ್ಟಿತು. ಒಂಬತ್ತು ದಿನ ಹೀಗೇ ನಡೆಯಿತು. ಮಿಲೂದ್ ಪೆಟ್ಟಿಗೆ ಬಿಚ್ಚಿ ಒಳಗಿನ ಗುಂಡಿ ಬ್ಯಾಟರಿ ಬದಲಾಯಿಸಿದ. ಸಿ ಬುಶ್ತಾ ಅವರ ತಾಯಿ ಹನಿಯಾ ಅಜ್ಜಿ, ಯಾರದೋ ಕಣ್ಣು ಬಿದ್ದಿದೆ ಎಂದು ಪೆಟ್ಟಿಗೆಯ ಸುತ್ತ ಏಳು ಸಲ ಧೂಪ ಹಿಡಿದಳು. ಪ್ರಿಂಟರಿಗೆ ಕೆಮ್ಮು ಬಂದದ್ದು ಬಿಟ್ಟರೆ ಏನೂ ಆಗಲಿಲ್ಲ.

ಹತ್ತನೆಯ ದಿನ ಸಿ ಬುಶ್ತಾ ಪೆಟ್ಟಿಗೆ ತೆರೆದರು. ವಿಂಡೋಸಿನಲ್ಲಿ ಒಂಬತ್ತು ಗಂಟೆ. ಲಿನಕ್ಸಿನಲ್ಲಿ ಒಂಬತ್ತು ಗಂಟೆ. ಹಮ್ಮಾದಿಯ ಫೋನಿನಲ್ಲೂ ಒಂಬತ್ತು. ಮೂರು ಸಲ ಮುಚ್ಚಿ ತೆರೆದರೂ ಅಷ್ಟೇ.

ಮಿಲೂದ್ ಅದು ತನ್ನ ಬ್ಯಾಟರಿ ಎಂದ. ಹನಿಯಾ ಅಜ್ಜಿ ತನ್ನ ಧೂಪ ಎಂದಳು. ಸಿ ಬುಶ್ತಾ ಇಬ್ಬರನ್ನೂ ಬೇಸರಪಡಿಸದೆ, ಕೊನೆಯ ಸಲ ತಾನು ಸ್ವಲ್ಪ ಗಟ್ಟಿಯಾಗಿ ಗದರಿದ್ದೆ ಎಂದಷ್ಟೇ ಹೇಳಿದರು. ರಂಜಾನಿಗಾಗಿ ಸರ್ಕಾರ ಹಿಂದಿನ ದಿನ ಗಂಟೆಯನ್ನು ಹಿಂತಿರುಗಿಸಿತ್ತು ಎಂಬುದೂ, ಹಾಗಾಗಿ ಪೇಟೆಯಲ್ಲಿ ಹಳೇದು ಹೊಸದು ಎರಡೂ ಒಂದೇ ಆಗಿತ್ತು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಆದರೆ ಹಬ್ಬದ ತಿಂಗಳಲ್ಲಿ ಆದ ಒಳ್ಳೇದನ್ನು ಯಾರು ಕೆದಕುತ್ತಾರೆ? ಜನ ತಮ್ಮ ಕೆಟ್ಟ ಕೈಗಡಿಯಾರಗಳನ್ನು ರಿಪೇರಿಗೆಂದು ತಂದು ಸಿ ಬುಶ್ತಾ ಮೇಜಿನ ಮೇಲೆ ಇಟ್ಟರು. ಹನ್ನೊಂದು ಗಡಿಯಾರ ಕೂಡಿದವು. ಅವರು ಅವುಗಳಿಗೂ ಗದರಿ ನೋಡಿದರು.

ಹಬ್ಬದ ಹಿಂದಿನ ವಾರ ಕಚೇರಿಯ ಬಾಗಿಲಿಗೆ ಒಂದು ನೋಟೀಸು ಅಂಟಿತು. ಕಮಾನಿನ ಕೆಳಗೆ ಓಡಾಡಲು ಜಾಗ ಸಾಲದ ಕಾರಣ ಇನ್ನು ಮುಂದೆ ಅರ್ಜಿ ಬರೆಯುವ ಮೇಜು ಒಂದೇ ಇರತಕ್ಕದ್ದು. ಇಚ್ಛೆಯುಳ್ಳವರು ಹಬ್ಬ ಕಳೆದ ಸೋಮವಾರ ಬೆಳಿಗ್ಗೆ ಒಂಬತ್ತೂವರೆಯೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಕೆಳಗೆ ಕಚೇರಿಯ ಉಪಾಧಿಕಾರಿಯ ಸಹಿ. ಜನ ಅವರನ್ನು ಖಲೀಫಾ ಎನ್ನುತ್ತಿದ್ದರು, ಎದುರಿಗೆ ಸಿಕ್ಕಾಗ ಸೀದಿ ಎನ್ನುತ್ತಿದ್ದರು.

ಸಿ ಬುಶ್ತಾ ನೋಟೀಸನ್ನು ಎರಡು ಸಲ ಓದಿದರು. ಆ ಮೇಜು ಹೋದರೆ ಅವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಹತ್ತು ಹೆಜ್ಜೆ ಆಚೆ ಸಿ ಮುಫದ್ದಲ್ ಕೂಡ ನೋಟೀಸಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಅವರಿಗೂ ಗೊತ್ತಿರಲಿಲ್ಲ.

ಹಬ್ಬ ಕಳೆಯಿತು. ಭಾನುವಾರ ಸರ್ಕಾರ ಗಂಟೆಯನ್ನು ಮತ್ತೆ ಮುಂದೆ ನೂಕಿತು. ಸೋಮವಾರ ಬೆಳಿಗ್ಗೆ ಸಿ ಬುಶ್ತಾ ಶುಭ್ರವಾದ ಜೆಲ್ಲಾಬಾ ನಿಲುವಂಗಿ ತೊಟ್ಟು ಮೇಜಿಗೆ ಬಂದರು. ಹಳೆಯ ಪರವಾನಗಿಯ ನಂಬರು ಬೇಕಾಗಿತ್ತು, ಅದಕ್ಕೆ ವಿಂಡೋಸ್ ತೆರೆದರು. ಅದು ತಾನಾಗಿಯೇ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡು ಸರಿಯಾದ ಹೊತ್ತನ್ನೇ ತೋರಿಸುತ್ತಿತ್ತು. ಮಗನ ಪರೀಕ್ಷೆಯ ಅಂಕ ನೋಡಿದ ತಂದೆಯ ಹಾಗೆ ಅವರು ಪರದೆಯನ್ನು ಸವರಿದರು. ಬಳಿಕ ಖಲೀಫಾರಿಗೆ ಬರೆಯುವ ಕಾಗದಕ್ಕೆ ವಿಜ್ಞಾನಿಗಳ ಯಂತ್ರವೇ ತಕ್ಕದ್ದು ಎಂದು ಲಿನಕ್ಸಿಗೆ ಹೋಗಿ ಅರ್ಜಿ ಬರೆದರು. ಅಚ್ಚು ಹಾಕಿದರು. ಮೂರು ಸಲ ಓದಿದರು. ಗೌರವ ಸೂಚಕ ಪದಗಳನ್ನೆಲ್ಲ ಎಣಿಸಿ ನೋಡಿದರು. ಬುಡದ ಅಂಕಿಯನ್ನು ಮಾತ್ರ ನೋಡಲಿಲ್ಲ. ಹಮ್ಮಾದಿಯ ಫೋನಿನ ಪ್ರಕಾರ ಎಂಟು ಐವತ್ತೈದಕ್ಕೆ, ಇನ್ನೂ ಮೂವತ್ತೈದು ನಿಮಿಷ ಇರುವಾಗಲೇ, ಕೌಂಟರಿನ ಲಲ್ಲಾ ರುಕಿಯಾ ಕೈಗೆ ಅರ್ಜಿ ಕೊಟ್ಟರು. ಸಿ ಮುಫದ್ದಲ್ ಐದು ನಿಮಿಷ ಮೊದಲು ಕೊಟ್ಟು ಹೋಗಿದ್ದರು. ಆಕೆ ಮೊಹರು ಒತ್ತಿ, ಗೋಡೆಯ ಗಡಿಯಾರ ನೋಡಿ, ಗಂಟೆ ಬರೆದುಕೊಂಡಳು.

ಸಂಜೆ ನಾಲ್ಕಕ್ಕೆ ಬಾ ಸಲ್ಲಾಮ್ ಎಂಬ ಕಚೇರಿಯ ಜವಾನ ಬಂದು ನಿಂತ. "ನಾಳೆ ಹತ್ತಕ್ಕೆ ಖಲೀಫಾ ಕರೀತಿದಾರೆ. ಪೆಟ್ಟಿಗೆ ಸಮೇತ ಬರಬೇಕಂತೆ."

"ಹಳೇ ಹತ್ತೋ, ಹೊಸ ಹತ್ತೋ?"

"ಅದನ್ನೇ ಕೇಳೋಕೆ ಕರೀತಿರೋದು" ಎಂದ ಬಾ ಸಲ್ಲಾಮ್.

ಅವನಿಂದ ಒಂದೊಂದೇ ಮಾತು ಎಳೆದಾಗ ವಿಷಯ ತಿಳಿಯಿತು. ಅರ್ಜಿಯ ಬುಡದಲ್ಲಿ, ಬರೆದ ವೇಳೆ ಒಂಬತ್ತು ನಲವತ್ತು ಎಂದು ಅಚ್ಚಾಗಿತ್ತು. ಅಂದರೆ ಗಡುವು ಮುಗಿದು ಹತ್ತು ನಿಮಿಷವಾದ ಮೇಲೆ. ತಮ್ಮ ಅರ್ಜಿ ತಡವಾಯಿತು ಎಂದು ಸಿ ಬುಶ್ತಾ ತಮ್ಮ ಕೈಯಾರೆ ಸಾಕ್ಷಿ ಬರೆದುಕೊಟ್ಟಿದ್ದರು.

ಮನೆಗೆ ಬಂದು ಪೆಟ್ಟಿಗೆಯನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟರು. ಒಂದು ಗಂಟೆಗೋಸ್ಕರ ಬದುಕು ಬೀದಿಗೆ ಬಂತಲ್ಲ ಎಂದು ಹಲುಬಿದರು. ಮಿಲೂದ್ ಬಂದ, ಮತ್ತೆ ಅದನ್ನು ಸರಿಮಾಡಿ ಇದನ್ನು ಕೆಡಿಸಿದ. ಅಷ್ಟರಲ್ಲಿ ಹನಿಯಾ ಅಜ್ಜಿ ಒಳಗೆ ಬಂದಳು, ಸ್ಟೂಲು ಎಳೆದಳು, ಗೋಡೆಯ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ ಇಳಿದು ಹೋದಳು. ಐದು ನಿಮಿಷ ಬಿಟ್ಟು ಲಲ್ಲಾ ತಾಮೊ ಸಾರಿನ ಸೌಟು ಕೆಳಗಿಟ್ಟು ಅದೇ ಸ್ಟೂಲು ಹತ್ತಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದಳು.

ಸಿ ಬುಶ್ತಾ ಬಾಯಿ ತೆರೆದು ನೋಡಿದರು. "ಇದು ಎಷ್ಟು ದಿನದಿಂದ ನಡೀತಿದೆ?"

"ಸರ್ಕಾರ ಗಂಟೆ ತಗೊಂಡ ವರ್ಷದಿಂದ" ಎಂದಳು ಲಲ್ಲಾ ತಾಮೊ. "ಅತ್ತೆ ಹಳೇದಕ್ಕೆ ಇಡ್ತಾರೆ, ನಾನು ಹೊಸದಕ್ಕೆ ಇಡ್ತೀನಿ. ಮಾತಿಲ್ಲ ಕತೆಯಿಲ್ಲ. ಆ ಗಡಿಯಾರದ ಕಿವಿ ಎರಡು ಸಲ ಮುರಿದಿದೆ. ರಂಜಾನ್ ಬಂದ್ರೆ ಒಂದು ತಿಂಗಳು ಸ್ಟೂಲಿಗೆ ರಜಾ." ಅವಳು ಸೌಟು ಎತ್ತಿಕೊಂಡು ಕಂಪ್ಯೂಟರಿನ ಕಡೆ ತೋರಿಸಿದಳು. "ನಿಮ್ಮ ಪೆಟ್ಟಿಗೆಯೊಳಗೆ ಗಡಿಯಾರ ಎಷ್ಟಿದೆ?"

"ಒಂದೇ" ಎಂದ ಮಿಲೂದ್.

"ತಿರುಗಿಸೋರು?"

ಮಿಲೂದ್ ಬೆರಳು ಮಡಚಿ ಎಣಿಸಿದ, ಎರಡು. ಒಳಗಿನ ಗಡಿಯಾರ ಒಂದೇ. ವಿಂಡೋಸ್ ಅದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದುತ್ತಿತ್ತು. ಲಿನಕ್ಸ್ ಅದು ಹಳೇ ಗಂಟೆ ಎಂದು ತಾನೇ ತಿಳಿದುಕೊಂಡು, ತನ್ನ ಲೆಕ್ಕದಲ್ಲಿ ಒಂದು ಸೇರಿಸಿಕೊಂಡು ತೋರಿಸುತ್ತಿತ್ತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ, ಎಲ್ಲಾ ಸಂಸಾರದಲ್ಲೂ ಇರುವುದೇ. ಮಿಲೂದ್ ಅಕ್ಕನ ಕಡೆ ತಿರುಗಿ, "ಒಂಬತ್ತು ದಿನ ನಾನು ಬ್ಯಾಟರಿ ಬದಲಾಯಿಸ್ತಾ ಕೂತಿದ್ದೆ, ಆಗಲೇ ಹೇಳಬಾರದಿತ್ತಾ?" ಎಂದ.

"ನೀವು ಯಾವತ್ತು ಕೇಳಿದ್ರಿ?" ಎಂದಳು ಲಲ್ಲಾ ತಾಮೊ.

ಮರುದಿನ ಖಲೀಫಾರ ಕೋಣೆಯಲ್ಲಿ ಸಿ ಬುಶ್ತಾ, ಪೆಟ್ಟಿಗೆ ಹಿಡಿದ ಮಿಲೂದ್, ಮೀಸೆಯಡಿ ನಗುತ್ತಿದ್ದ ಸಿ ಮುಫದ್ದಲ್, ರಿಜಿಸ್ಟರ್ ಹಿಡಿದ ಲಲ್ಲಾ ರುಕಿಯಾ, ಬಾಗಿಲಲ್ಲಿ ಬಾ ಸಲ್ಲಾಮ್ ಸೇರಿದರು. ಖಲೀಫಾ ಕನ್ನಡಕ ಏರಿಸಿದರು.

"ಸಿ ಬುಶ್ತಾ, ಈ ಅರ್ಜಿಯನ್ನ ನೀವು ಬರೆದದ್ದು ಒಂಬತ್ತು ನಲವತ್ತಕ್ಕೆ. ಹೌದಾ?"

"ಹಾಗಂತ ಅದು ಹೇಳುತ್ತೆ, ಸೀದಿ."

"ನಮ್ಮ ಮೊಹರಿನ ಕೆಳಗೆ ಏಳು ಐವತ್ತೈದು ಅಂತಿದೆ. ಅಂದ್ರೆ ನೀವು ಬರೆಯೋಕೆ ಒಂದೂ ಮುಕ್ಕಾಲು ಗಂಟೆ ಮೊದಲೇ ನಮಗೆ ತಲುಪಿದೆ. ನಾನು ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದೀನಿ. ತಡವಾಗಿ ತಲುಪಿದ ಕಾಗದ ನೋಡಿದೀನಿ, ತಲುಪದೇ ಇರೋ ಕಾಗದ ನೋಡಿದೀನಿ. ಇಂಥದ್ದು ನೋಡಿಲ್ಲ."

ಸಿ ಮುಫದ್ದಲ್ ಕೆಮ್ಮಿದರು. "ನನ್ನ ಅರ್ಜಿಯಲ್ಲಿ ಗಂಟೆಯೇ ಇಲ್ಲ ಸೀದಿ. ಟೈಪ್‌ರೈಟರಿಗೆ ಅಷ್ಟೊಂದು ಜಂಬ ಇಲ್ಲ."

"ನಿಮ್ಮದಕ್ಕೂ ಬರ್ತೀನಿ" ಎಂದರು ಖಲೀಫಾ.

ಸಿ ಬುಶ್ತಾ ಎದ್ದು ನಿಂತರು. ರಾತ್ರಿ ಕಲಿತದ್ದನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದರು. "ಪೆಟ್ಟಿಗೆಯೊಳಗೆ ಗಡಿಯಾರ ಒಂದೇ ಸೀದಿ. ತಿರುಗಿಸೋರು ಇಬ್ಬರು. ಒಬ್ಬಳು ನಮ್ಮಮ್ಮ, ಒಬ್ಬಳು ನನ್ನ ಹೆಂಡತಿ."

ಖಲೀಫಾ ಪೆನ್ನು ಕೆಳಗಿಟ್ಟರು. "ಪೆಟ್ಟಿಗೆಯೊಳಗೆ?"

ಅದನ್ನು ಬಿಡಿಸಿ ಹೇಳುವುದಕ್ಕೆ ಕಾಲು ಗಂಟೆ ಹಿಡಿಯಿತು. ಮಿಲೂದ್ ಎಲ್ಲರ ಮುಂದೆ ಪೆಟ್ಟಿಗೆ ತೆರೆದು ವಿಂಡೋಸ್ ತೋರಿಸಿದ. ಲಿನಕ್ಸ್ ತೋರಿಸಿದ. ಅದನ್ನು ಸರಿಮಾಡಿ ಇದನ್ನು ಕೆಡಿಸಿದ, ಇದನ್ನು ಸರಿಮಾಡಿ ಅದನ್ನು ಕೆಡಿಸಿದ. ಖಲೀಫಾ ಮೂರನೇ ಸಲಕ್ಕೆ ಕುರ್ಚಿ ಹತ್ತಿರ ಎಳೆದುಕೊಂಡು, "ಇನ್ನೊಂದ್ಸಲ ಮಾಡು" ಎಂದರು. ಕೊನೆಗೆ ಮಿಲೂದ್ ಲಿನಕ್ಸಿನಲ್ಲಿ ಒಂದೇ ಒಂದು ಸಾಲು ಬರೆದ. ಒಳಗಿನ ಗಡಿಯಾರದಲ್ಲಿ ಇರುವುದು ನಮ್ಮೂರಿನ ಹೊತ್ತೇ, ನೀನು ನಿನ್ನ ಪಾಲಿನ ಒಂದು ಗಂಟೆ ಸೇರಿಸಬೇಡ ಎಂಬುದು ಅದರ ಅರ್ಥ. ಆಮೇಲೆ ಗಡಿಯಾರವನ್ನು ಸರಿಯಾದ ಹೊತ್ತಿಗೆ ಇಟ್ಟು, ಪೆಟ್ಟಿಗೆ ಮುಚ್ಚಿ ತೆರೆದ. ವಿಂಡೋಸಿನಲ್ಲಿ ಹತ್ತು ಮೂವತ್ತೆರಡು. ಮತ್ತೆ ಮುಚ್ಚಿ ತೆರೆದ. ಲಿನಕ್ಸಿನಲ್ಲಿ ಹತ್ತು ಮೂವತ್ತೈದು.

"ಇಬ್ಬರೂ ಒಪ್ಪಿದರು" ಎಂದು ಲಲ್ಲಾ ರುಕಿಯಾ ಚಪ್ಪಾಳೆ ತಟ್ಟಿದಳು.

"ಒಪ್ಪಿದರೆ ಸಾಲದು. ಸರಿಯಾಗಿದೆಯೋ ಇಲ್ವೋ ನೋಡಬೇಕು" ಎಂದು ಖಲೀಫಾ ಎದ್ದು, ತೆರೆದ ಬಾಗಿಲಿನಾಚೆ, ಕೌಂಟರಿನ ಮೇಲೆ ಎತ್ತರದಲ್ಲಿ ತೂಗುಬಿದ್ದಿದ್ದ ಗೋಡೆ ಗಡಿಯಾರದ ಕಡೆ ನೋಡಿದರು. ಎಲ್ಲರೂ ನೋಡಿದರು. ಅದರಲ್ಲಿ ಒಂಬತ್ತು ಮೂವತ್ತೈದು.

ಖಲೀಫಾ ರಿಜಿಸ್ಟರಿನ ಮೇಲೆ ಬೆರಳಿಟ್ಟರು.

"ರುಕಿಯಾ, ನೀನು ಮೊಹರಿಗೆ ಗಂಟೆ ಬರೆಯೋದು ಯಾವುದನ್ನ ನೋಡಿ?"

"ಅದನ್ನೇ ಸೀದಿ. ಫೋನು ಡ್ರಾಯರಿನಲ್ಲಿ ಇಡಬೇಕು ಅಂತ ತಾವೇ ಆರ್ಡರ್ ಮಾಡಿದೀರಲ್ಲ."

ಖಲೀಫಾ ಸಿ ಮುಫದ್ದಲರ ಅರ್ಜಿಯನ್ನು ತಿರುಗಿಸಿದರು. ಮೊಹರಿನ ಕೆಳಗೆ ಏಳು ಐವತ್ತು. "ಕಚೇರಿ ತೆಗೆಯೋದು ಎಂಟೂವರೆಗೆ. ಅಂದ್ರೆ ಸಿ ಮುಫದ್ದಲ್, ನಿಮ್ಮ ಅರ್ಜಿಯನ್ನ ಕಚೇರಿ ಬಾಗಿಲು ತೆಗೆಯೋಕೆ ನಲವತ್ತು ನಿಮಿಷ ಮೊದಲೇ ಒಳಗೆ ತಗೊಂಡಿದೀವಿ." ಸಿ ಮುಫದ್ದಲರ ನಗು ಮೀಸೆಯೊಳಗೇ ಆರಿತು.

ಖಲೀಫಾ ಬಾಗಿಲ ಕಡೆ ತಿರುಗಿದರು. "ಬಾ ಸಲ್ಲಾಮ್! ಹಬ್ಬ ಕಳೆದ ಮೇಲೆ ಗಡಿಯಾರ ಮುಂದೆ ಇಡೋದು ಯಾರ ಕೆಲಸ?"

"ನಂದೇ ಸೀದಿ."

"ಮತ್ತೆ ಯಾಕೆ ಇಡ್ಲಿಲ್ಲ?"

"ಎತ್ತರದಲ್ಲಿದೆ ಸೀದಿ. ಏಣಿ ಬೇಕು."

"ಕಚೇರಿಗೆ ಏಣಿ ಇಲ್ವೇನಯ್ಯಾ?"

"ಇದೆ ಸೀದಿ."

"ಎಲ್ಲಿದೆ?"

ಬಾ ಸಲ್ಲಾಮ್ ತನ್ನ ಚಪ್ಪಲಿಗಳನ್ನು ನೋಡಿಕೊಂಡ. "ತಮ್ಮನೇಲಿ ಸೀದಿ. ಹಬ್ಬಕ್ಕೆ ಸುಣ್ಣ ಹೊಡೆಸೋಕೆ ಅಂತ ತಾವು ತರಿಸ್ಕೊಂಡ್ರಲ್ಲ."

ಖಲೀಫಾ ಹೋಗಿ ಬಾಗಿಲು ಮುಚ್ಚಿ ಬಂದರು. ಕೂತರು. ಕನ್ನಡಕ ತೆಗೆದು ಒರೆಸಿದರು.

"ನಿನ್ನೆ ಇವತ್ತು ಸೇರಿ ಎಷ್ಟು ಕಾಗದಕ್ಕೆ ಮೊಹರು ಬಿದ್ದಿದೆ?"

ಲಲ್ಲಾ ರುಕಿಯಾ ರಿಜಿಸ್ಟರ್ ನೋಡಿದಳು. "ಇನ್ನೂರ ಹದಿನಾಲ್ಕು ಸೀದಿ. ಅದರಲ್ಲಿ ಒಂದು ಮಗು ಹುಟ್ಟೋಕೆ ಮುಂಚೆಯೇ ನೋಂದಣಿಯಾಗಿದೆ. ಹೆರಿಗೆ ಆಸ್ಪತ್ರೆ ಎದುರುಗಡೆನೇ ಇದೆಯಲ್ಲ, ಅಪ್ಪ ಖುಷಿಗೆ ಓಡೋಡಿ ಬಂದುಬಿಟ್ಟಿದ್ದ."

"ಅಷ್ಟನ್ನೂ ಮತ್ತೆ ಬರೆಸಬೇಕು" ಎಂದರು ಖಲೀಫಾ ದನಿ ತಗ್ಗಿಸಿ. "ಸದ್ದಿಲ್ಲದೆ ಆಗಬೇಕು. ಈ ವಾರದಲ್ಲೇ ಆಗಬೇಕು. ಸಿ ಮುಫದ್ದಲ್, ಒಬ್ಬರ ಕೈಯಲ್ಲಿ ಆಗುತ್ತಾ?"

ಸಿ ಮುಫದ್ದಲ್ ತಮ್ಮ ಬೆರಳುಗಳನ್ನು ನೋಡಿಕೊಂಡರು. ಆಗುತ್ತದೆ ಎಂದು ಒಂದು ಮಾತು ಹೇಳಿದ್ದರೆ ಕಮಾನು ಇಡೀ ಅವರದ್ದಾಗುತ್ತಿತ್ತು. ಅವರು ಪಕ್ಕದಲ್ಲಿ ಜೆಲ್ಲಾಬಾದ ಅಂಚು ಹಿಂಡುತ್ತಾ ನಿಂತಿದ್ದ ಸಿ ಬುಶ್ತಾ ಕಡೆ ನೋಡಿದರು. "ಆಗಲ್ಲ ಸೀದಿ" ಎಂದರು. "ಇಬ್ಬರು ಬೇಕು."

"ಹಾಗಾದ್ರೆ ಕಮಾನಿನ ಕೆಳಗೆ ಜಾಗ ಸಾಕಷ್ಟಿದೆ ಅಂತ ಅಳತೆಯಲ್ಲಿ ಗೊತ್ತಾಗಿದೆ. ಮೇಜು ಎರಡೂ ಇರ್ಲಿ. ಇಬ್ಬರೂ ಹೊಸದಾಗಿ ಅರ್ಜಿ ಕೊಡಿ. ಮಧ್ಯಾಹ್ನದೊಳಗೆ." ಖಲೀಫಾ ಮುಚ್ಚಿದ ಬಾಗಿಲ ಕಡೆ ನೋಡಿದರು. "ಮಧ್ಯಾಹ್ನ ಅಂದ್ರೆ, ಹೊಟ್ಟೆ ಹಸಿಯೋದರೊಳಗೆ."

ಅರ್ಧ ಗಂಟೆಯಲ್ಲಿ ಸುಣ್ಣ ಮೆತ್ತಿದ ಏಣಿಯೊಂದು, ಮುಂದೆ ಒಬ್ಬ ಹಿಂದೆ ಒಬ್ಬ ಹಿಡಿದುಕೊಂಡು, ಕಚೇರಿಯ ಹಿಂಬಾಗಿಲಿನಿಂದ ಒಳಗೆ ಹೋಯಿತು. ಕ್ಷೌರದ ಹಮ್ಮಾದಿ ಒಬ್ಬನ ಅರ್ಧ ಗಡ್ಡ ಹಾಗೇ ಬಿಟ್ಟು ಹೊರಗೆ ಬಂದು ನೋಡಿದ. ಏನು ವಿಷಯ ಎಂದು ಯಾರೂ ಹೇಳಲಿಲ್ಲ.

ಸಿ ಬುಶ್ತಾ ತಮ್ಮ ಮೇಜಿಗೆ ಬಂದು ಪೆಟ್ಟಿಗೆ ತೆರೆದರು. ಕಪ್ಪು ಪರದೆ ಬಂತು. ಮೇಲೊಂದು ಹೆಸರು, ಕೆಳಗೊಂದು ಹೆಸರು. ಹತ್ತು ಸೆಕೆಂಡು. ಒಂಬತ್ತು. ಎಂಟು. ಈಗ ಎರಡೂ ಒಂದೇ ಮಾತು ಹೇಳುತ್ತವೆ ಎಂದು ಅವರಿಗೆ ಗೊತ್ತಿತ್ತು. ಕಣ್ಣಾರೆ ನೋಡಿ ಬಂದಿದ್ದರು. ಮೂರು ಬರುವಷ್ಟರಲ್ಲಿ ಅವರು ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. ಎದ್ದು ಹತ್ತು ಹೆಜ್ಜೆ ನಡೆದು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತರು.

ಸಿ ಮುಫದ್ದಲ್ ಬಟ್ಟೆ ಸರಿಸಿ, ಕಾಗದವನ್ನು ಉರುಳೆಗೆ ಸೇರಿಸಿ, ಟಕಟಕ ಶುರುಮಾಡಿದರು. ಎರಡು ವ್ಯವಸ್ಥೆಗಳ ಕಂಪ್ಯೂಟರಿನಲ್ಲಿ ಅರ್ಜಿ ಬರೆಯಲು ಅನುಮತಿ ಕೋರುವ ಅರ್ಜಿ ಟೈಪ್‌ರೈಟರಿನಲ್ಲಿ ಸಿದ್ಧವಾಯಿತು. ಕೊನೆಯ ಸಾಲಿನ ಹತ್ತಿರ ಅವರ ಬೆರಳು ನಿಂತಿತು.

"ಗಂಟೆ ಹಾಕ್ಲಾ ಸಿ ಬುಶ್ತಾ?"

"ಬೇಡ ಸಿ ಮುಫದ್ದಲ್" ಎಂದರು ಸಿ ಬುಶ್ತಾ. "ತಾರೀಕು ಸಾಕು."